ಶಮೀಮಾ ಕೇಳಿದ ಅಳತೆ

ಬೊಳ್ಳೆಕಡವು
28 ನವೆಂಬರ್ 2023

ಪ್ರೀತಿಯ ಬಾಪಾ,

ಸಲಾಂ. ಈ ಕಾಗದವನ್ನು ನಮ್ಮೂರಿನ ಹಾರಿಸ್‌ನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ರಜೆ ಮುಗಿಯಿತು, ಗುರುವಾರ ಕುವೈತಿಗೆ, ಸಾಲ್ಮಿಯಾದ ಅಂಗಡಿಗೆ ವಾಪಸು ಹೋಗುತ್ತಾನೆ. ಒಳಗೆ ಏನುಂಟು ಎಂದು ಅವನಿಗೆ ಗೊತ್ತಿಲ್ಲ, ಉಮ್ಮನ ಮಂಡಿನೋವಿನ ವಿಷಯ ಎಂದಿದ್ದೇನೆ. ಮೊನ್ನೆ ನಾನು ಬಾಯಿ ತೆರೆದ ಕೂಡಲೇ ನೀವು "ಆ ಮಾತು ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲೂ ಬೇಡ, ಬರೆದು ಯಾರ ಕೈಯಲ್ಲಾದರೂ ಕಳಿಸು" ಎಂದು ಫೋನ್ ಇಟ್ಟುಬಿಟ್ಟಿರಿ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಈ ಗ್ರಾಮಕ್ಕೆ ಆಡಳಿತಾಧಿಕಾರಿಯಾಗಿ ಬಂದು ಒಂದೂವರೆ ವರ್ಷವಾಯಿತು. ಕಳೆದ ಫೆಬ್ರವರಿಯಲ್ಲಿ ಹೊಳೆಯ ತಿರುವಿನಲ್ಲಿ ಮರಳು ತೆಗೆಯುವವರ ಮೇಲೆ ವರದಿ ಬರೆದೆ. ಎರಡು ದೋಣಿ, ಒಂದು ಟಿಪ್ಪರ್ ಜಪ್ತಿಯಾಯಿತು. ಕೇಸಿನಲ್ಲಿ ಮೊದಲ ಸಾಕ್ಷಿ ನಾನೇ. ಇಷ್ಟು ನಿಮಗೆ ಗೊತ್ತು. ಆಮೇಲಿನದ್ದನ್ನು ಹೇಳಿರಲಿಲ್ಲ.

ಮೊದಲು ಫೋನುಗಳು ಬಂದವು. ಆಮೇಲೆ ಒಂದು ಟಿಪ್ಪರ್ ನನ್ನ ಸ್ಕೂಟರಿನ ಹಿಂದೆಯೇ ಹಾರ್ನ್ ಹಾಕುತ್ತಾ ಸೇತುವೆಯವರೆಗೆ ಬಂತು, ಮುಂದೆ ಹೋಗಲಿಲ್ಲ. ಅಕ್ಟೋಬರಿನಲ್ಲಿ ಒಂದು ಸಂಜೆ ಇಬ್ಬರು ಮನೆಗೆ ಬಂದು ನೀರು ಕೇಳಿದರು. ಉಮ್ಮ ಬೆಲ್ಲವನ್ನೂ ಕೊಟ್ಟಿದ್ದಾರೆ. "ಮೇಡಂ ಎಷ್ಟು ಗಂಟೆಗೆ ಬರುವುದು?" ಎಂದು ಕೇಳಿದರಂತೆ. ಪಹಣಿಗೆ ಬಂದವರಿರಬೇಕು ಎಂದುಕೊಂಡು ಉಮ್ಮ "ಐದೂವರೆ" ಎಂದರು. ಅವರು ಯಾರು ಎಂದು ನಾನು ಉಮ್ಮನಿಗೆ ಹೇಳಲಿಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಆತ್ಮರಕ್ಷಣೆಗೆ ರಿವಾಲ್ವರ್ ಲೈಸೆನ್ಸ್ ಬೇಕೆಂದು ಹಾಕಿದ್ದ ಅರ್ಜಿಯ ವಿಚಾರಣೆ ಮುಗಿದಿದೆ, ಸಿಗುತ್ತದೆ ಎನ್ನುತ್ತಾರೆ. ಈಗ ಯಾವ ಅಳತೆಯ ಗುಂಡಿನದು ಎಂದು ನಾನು ಹೇಳಬೇಕು. ಪಾಯಿಂಟ್ ಇಪ್ಪತ್ತೆರಡೋ, ಪಾಯಿಂಟ್ ಮೂವತ್ತೆರಡೋ? ನೈನ್ ಎಂಎಂ ಪೊಲೀಸರಿಗೂ ಸೈನ್ಯಕ್ಕೂ ಮಾತ್ರ, ನಮ್ಮಂಥವರಿಗೆ ಕೊಡುವುದಿಲ್ಲ. ಮಂಗಳೂರಿನ ಕೋವಿ ಅಂಗಡಿಯವನು, "ಲೇಡೀಸ್‌ಗೆ ಇಪ್ಪತ್ತೆರಡು ಸಾಕು ಮೇಡಂ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತದೆ" ಎಂದ. ಅಲ್ಲೇ ನಿಂತಿದ್ದ ಇನ್ನೊಬ್ಬರು, "ಅದರಲ್ಲಿ ಕಾಗೆ ಓಡಿಸಬಹುದು ಅಷ್ಟೇ" ಎಂದು ನಕ್ಕರು.

ನೀವು ಹತ್ತೊಂಬತ್ತು ವರ್ಷದಿಂದ ಅಲ್ಲಿ ಶೂಟಿಂಗ್ ಕ್ಲಬ್ಬಿನ ಆಯುಧ ಕೋಣೆಯಲ್ಲಿದ್ದೀರಿ. ಉಮ್ಮನಿಗೆ ನೀವು ಆಟದ ಸಾಮಾನಿನ ಅಂಗಡಿಯಲ್ಲಿರುವುದು ಎಂದೇ ಗೊತ್ತು. ನನಗೆ ಮಾತ್ರ ನಿಜ ಹೇಳಿದ್ದೀರಿ. ಆದ್ದರಿಂದ ಕೇಳುತ್ತಿದ್ದೇನೆ. ಈ ಊರಿನಲ್ಲಿ ಯಾರನ್ನು ಕೇಳಿದರೂ ನಾಳೆಗೆ ಅದು ಹೊಳೆಯಾಚೆ ಮರಳಿನವರಿಗೆ ತಲುಪುತ್ತದೆ.

ನಿಮ್ಮ ಮಗಳು,
ಆಯಿಶತ್ ಶಮೀಮಾ


ಅಬ್ಬಾಸಿಯಾ, ಕುವೈತ್
15 ಡಿಸೆಂಬರ್ 2023, ಶುಕ್ರವಾರ

ನನ್ನ ಮಗಳು ಶಮೀಮಾಳಿಗೆ,

ಸಲಾಂ ಮತ್ತು ದುಆ. ನಿನ್ನ ಕಾಗದವನ್ನು ಬಚ್ಚಲುಮನೆಯಲ್ಲಿ ನಿಂತು ಓದಿದೆ. ರೂಮಿನಲ್ಲಿ ಆರು ಜನ ಇದ್ದೇವೆ. ಒಬ್ಬನ ಕಾಗದ ಬಂತೆಂದರೆ ಐವರ ಕಣ್ಣು ಅದರ ಮೇಲೆ. ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು, ನಾನು ಮೊದಲಿನಿಂದ ಇನ್ನೊಮ್ಮೆ ಓದಿದೆ.

ಬೆಲ್ಲ ನೀರು ಕೊಟ್ಟದ್ದನ್ನು ಓದಿದ ಮೇಲೆ ಇವತ್ತಿಗೆ ಹನ್ನೊಂದು ದಿನ. ಪ್ರತಿ ದಿನ ಊರಿನ ಐದೂವರೆಗೆ, ಅಂದರೆ ಇಲ್ಲಿಯ ಮೂರು ಗಂಟೆಗೆ, ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟು ನಿಲ್ಲುತ್ತೇನೆ. ಮುದೀರ್, ನಮ್ಮ ಮ್ಯಾನೇಜರ್, ಎರಡು ಸಲ ನೋಡಿದರು. "ಕಾಸಿಂ, ಹುಷಾರಿಲ್ಲವಾ?" ಎಂದು ಕೇಳಿದರು. ಬಿಪಿ ಎಂದೆ.

ನೀನು ಅಳತೆ ಕೇಳಿದೆ. ನಾನು ಹೇಳುವುದಿಲ್ಲ. ವರ್ಗ ಕೇಳಿ ಬೇರೆ ಗ್ರಾಮಕ್ಕೆ ಹೋಗು. ಆಗದಿದ್ದರೆ ರಜೆ ಹಾಕಿ ಮೂಡುಬಿದಿರೆಯ ಮಾವನ ಮನೆಯಲ್ಲಿರು. ಸಾಕ್ಷಿ ಹೇಳುವ ದಿನ ಪೊಲೀಸರ ಜೊತೆ ಹೋಗಿ ಬಾ.

ಇನ್ನೊಂದು ಮಾತು. ಬೇರೆಯವರ ಬ್ಯಾಗಿನಲ್ಲಿದ್ದರೆ ಅದು ಲೈಸೆನ್ಸ್ ಉಳ್ಳ ರಿವಾಲ್ವರ್. ಕಾಸಿಂ ಕುಂಞಿಯ ಮಗಳ ಬ್ಯಾಗಿನಲ್ಲಿದ್ದರೆ ಜನ ಅದನ್ನು ಏನೆಂದು ಕರೆಯುತ್ತಾರೆ ಎಂದು ನಾನು ಬರೆದು ತಿಳಿಸಬೇಕೇ? ನಾನು ಇಲ್ಲಿ ಮಾಡುವ ಕೆಲಸವನ್ನು ನಿನ್ನ ಉಮ್ಮನಿಂದ ಮುಚ್ಚಿಟ್ಟದ್ದೂ ಅದಕ್ಕೇ. ಅವಳು ನೆರೆಮನೆಯವರಿಗೆ ಹೆಮ್ಮೆಯಿಂದ ಹೇಳಿದರೂ ಸಾಕು, ಮಾತು ಎಲ್ಲಿಗೋ ಹೋಗುತ್ತದೆ. ಇಲ್ಲಿರಲು ಬೇಕಾದ ನನ್ನ ಇಕಾಮಾ ಫೆಬ್ರವರಿಯಲ್ಲಿ ನವೀಕರಣಕ್ಕೆ ಉಂಟು. ಇಲ್ಲಿ ನಮ್ಮಂಥವರ ಬಾಯಿಂದ ಪಿಸ್ತೂಲು ಎಂಬ ಪದ ಫೋನಿನಲ್ಲಿ ಬಂದರೂ ಖಲಾಸ್ ಎಂದು ಹೆದರಿಕೊಂಡೇ ನಾನು ಇಷ್ಟು ವರ್ಷ ಕಳೆದದ್ದು.

ಇವತ್ತು ಬೆಳಗ್ಗೆ ಮಂಜು ಎಷ್ಟೆಂದರೆ ಬಸ್ಸಿನ ಕಿಟಕಿಯಿಂದ ರಸ್ತೆಯೇ ಕಾಣಲಿಲ್ಲ. ಡ್ರೈವರ್ ನಿಧಾನವಾಗಿ ಹೋಗುತ್ತಿದ್ದ. ನಾನು ಎಲ್ಲರಿಗಿಂತ ಜೋರಾಗಿ ದುಆ ಮಾಡಿದೆ. ಪಕ್ಕದವನು ಅದು ಬಸ್ಸಿಗೆ ಎಂದುಕೊಂಡ.

ನಿನ್ನ ಬಾಪಾ,
ಕಾಸಿಂ ಕುಂಞಿ


ಬೊಳ್ಳೆಕಡವು
6 ಜನವರಿ 2024

ಬಾಪಾ,

ನೀವು ಎರಡು ಹಾಳೆ ಬರೆದಿರಿ, ಒಂದು ಸಂಖ್ಯೆ ಬರೆಯಲಿಲ್ಲ.

ಡಿಸೆಂಬರ್ 29ರಂದು ಯಾರೋ ಸ್ಕೂಟರಿನ ಬ್ರೇಕ್ ವಯರ್ ಕತ್ತರಿಸಿದ್ದರು. ಅಂಗಳದಲ್ಲಿಯೇ ಗೊತ್ತಾಯಿತು, ಇಳಿಜಾರಿನಲ್ಲಿ ಅಲ್ಲ. ಉಮ್ಮನಿಗೆ ಇಲಿ ಕಡಿದಿದೆ ಎಂದೆ. ಉಮ್ಮ ಇಲಿ ಪಾಷಾಣ ತರಿಸಿ ಷೆಡ್ಡಿನಲ್ಲಿಟ್ಟಿದ್ದಾರೆ.

ವರ್ಗ ಕೇಳು ಎಂದಿರಿ. ನಾನು ಹೋದರೆ ಬರುವವರಿಗೂ ಇದೇ ರಸ್ತೆ, ಇದೇ ಹೊಳೆ. ಅವರು ಬಾಯಿ ಮುಚ್ಚಿಕೊಂಡರೆ ಬದುಕುತ್ತಾರೆ. ನಾನೂ ಮುಚ್ಚಿಕೊಳ್ಳಬಹುದಿತ್ತು. ಈಗ ಬರೆದು ಸಹಿ ಹಾಕಿ ಆಗಿದೆ. ಇನ್ನು ಎಲ್ಲಿಗೆ ಹೋದರೂ ಸಾಕ್ಷಿ ನಾನೇ, ಅವರು ಹುಡುಕುವುದೂ ನನ್ನನ್ನೇ.

ಜನ ಏನೆಂದು ಕರೆಯುತ್ತಾರೆ ಎಂದು ನನಗೆ ಗೊತ್ತು. ವಿಚಾರಣೆಗೆ ಬಂದ ಪೊಲೀಸಪ್ಪ ಅದನ್ನೇ ಮೂರು ಬೇರೆ ಬೇರೆ ವಿಧದಲ್ಲಿ ಕೇಳಿದ. ಮೂರಕ್ಕೂ ಒಂದೇ ಉತ್ತರ ಕೊಟ್ಟೆ.

ಕೋವಿ ಹಿಡಿಯುವ ತರಬೇತಿಯಾಯಿತು. ಇಪ್ಪತ್ತೆರಡರ ರೈಫಲ್ ಕೊಟ್ಟಿದ್ದರು. ಹತ್ತು ಗುಂಡಿನಲ್ಲಿ ನಾಲ್ಕು ಹಲಗೆಗೇ ತಾಗಲಿಲ್ಲ. ಭುಜಕ್ಕೆ ನೋವಾಗಲಿಲ್ಲ. ತಾಗದ ನಾಲ್ಕನ್ನೇ ಮನೆಯವರೆಗೂ ಎಣಿಸುತ್ತಾ ಬಂದೆ.

ತಿಂಗಳ ಕೊನೆಗೆ ಲೈಸೆನ್ಸ್ ಕೈಗೆ ಬರುತ್ತದೆ. ನೀವು ಹೇಳದಿದ್ದರೆ ಅಂಗಡಿಯವನು ಹೇಳಿದ್ದನ್ನು ತರುತ್ತೇನೆ.

ಶಮೀಮಾ


ಅಬ್ಬಾಸಿಯಾ
26 ಜನವರಿ 2024, ಶುಕ್ರವಾರ

ಮಗಳೇ,

ಹೇಳುತ್ತೇನೆ. ಅಂಗಡಿಯವನು ಮಾರುವವನು. ನಾನು ದಿನವೂ ಅವುಗಳನ್ನು ತೊಳೆಯುವವನು. ನಾನು ಸುಮ್ಮನಿದ್ದು ಅವನ ಮಾತು ನಡೆಯುವುದು ಬೇಡ.

ಇಪ್ಪತ್ತೆರಡು ಬೇಡ. ಅದು ಹಗುರ, ಸದ್ದು ಕಡಿಮೆ, ಹಿಂದಕ್ಕೆ ಒದೆಯುವುದೇ ಇಲ್ಲ, ಕಲಿಯುವವರಿಗೆ ಅದರಷ್ಟು ಒಳ್ಳೆಯದಿಲ್ಲ. ಆದರೆ ಅದರ ತೋಟೆಯಲ್ಲಿ ಮದ್ದು ಹೊತ್ತಿಕೊಳ್ಳುವುದು ಅಂಚಿನಿಂದ. ಪೆಟ್ಟಿಗೆಗಟ್ಟಲೆ ಹೊಡೆಯುವಾಗ ಎಲ್ಲೋ ಒಂದು ಟಕ್ ಎಂದು ಸುಮ್ಮನಾಗುತ್ತದೆ. ಇಲ್ಲಿ ಹಾಗಾದರೆ ಕೈ ಎತ್ತಿ ನಮ್ಮನ್ನು ಕರೆಯುತ್ತಾರೆ. ಹೊಳೆ ದಂಡೆಯಲ್ಲಿ ನೀನು ಯಾರನ್ನು ಕರೆಯುತ್ತೀ?

ದೊಡ್ಡ ಅಳತೆ ನಿನಗೆ ಸಿಗುವುದಿಲ್ಲ. ಅದಕ್ಕೆ ಬೇಸರ ಬೇಡ. ಹೊಸದಾಗಿ ಬರುವ ಗಂಡಸರೆಲ್ಲ ಎಲ್ಲಕ್ಕಿಂತ ದೊಡ್ಡದನ್ನೇ ಕೇಳುತ್ತಾರೆ. ಮೊದಲ ಗುಂಡು ಸರಿಯಾಗಿ ಹೋಗುತ್ತದೆ. ಎರಡನೆಯದಕ್ಕೆ ಮೊದಲೇ ಕಣ್ಣು ಮುಚ್ಚುತ್ತಾರೆ, ಕೈ ಕೆಳಗೆ ಜಗ್ಗುತ್ತದೆ. ಮಂಗಳವಾರ ಹೆಂಗಸರ ದಿನ. ಶಾಲೆಯ ಟೀಚರ್ ಒಬ್ಬರು ಬರುತ್ತಾರೆ, ಸಣ್ಣ ಕೈ. ಅವರು ತಮ್ಮ ಕೈಗೆ ತಕ್ಕದ್ದನ್ನೇ ಕೇಳಿ ತೆಗೆದುಕೊಳ್ಳುತ್ತಾರೆ, ಐದೂ ಒಂದೇ ಜಾಗಕ್ಕೆ ಹೋಗುತ್ತವೆ. ತನ್ನ ಕೈ ತಾಳುವ ಅಳತೆಯೇ ಅಳತೆ. ನಿನಗೆ ಮೂವತ್ತೆರಡು.

ಕೆಳಗಿನ ಅಂಗಡಿಯಲ್ಲಿ ಶರ್ಲಿನ್ ಸಿಸ್ಟರ್ ಸಿಕ್ಕಿದ್ದರು. ನಮ್ಮ ಕಡೆಯವರೇ, ಇಲ್ಲಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ಟಿವಿಯಲ್ಲಿ ಏನೋ ನೋಡಿದೆ ಎಂದು ನೆಪ ಹೇಳಿ, ಸಣ್ಣ ಗುಂಡು ಬಿದ್ದರೆ ಬದುಕುತ್ತಾರಾ ಎಂದು ಕೇಳಿದೆ. ಅವರು ಟೊಮೆಟೊ ಆರಿಸುತ್ತಾ, "ನಾವು ಸೈಜ್ ಕೇಳುವುದಿಲ್ಲ ಕಾಸಿಂಚ್ಚ, ಎಲ್ಲಿ ಹೊಕ್ಕಿದೆ ಎಂದು ನೋಡುತ್ತೇವೆ" ಎಂದರು. ಅದು ನಿಜವೆಂದು ನನಗೆ ಮೊದಲೇ ಗೊತ್ತಿತ್ತು. ಯಾಕೆ ಗೊತ್ತಿತ್ತು ಎಂದು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ.

ನನ್ನ ಜೊತೆ ಸುಕುಮಾರ ಎಂಬವನಿದ್ದ. ಕಾರ್ಕಳದ ಕಡೆಯವನು, ತುಳು ಮಾತಾಡುವವನು. ಐದು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಕೆಲಸ ಮಾಡಿದೆವು. ಉಪವಾಸದ ತಿಂಗಳಲ್ಲಿ ನನ್ನೆದುರು ನೀರೂ ಕುಡಿಯುತ್ತಿರಲಿಲ್ಲ. 2012ರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಸದಸ್ಯರೊಬ್ಬರು ಇಪ್ಪತ್ತೆರಡರ ಪಿಸ್ತೂಲನ್ನು ವಾಪಸು ಕೊಟ್ಟು ಹೋದರು. ಗುಂಡು ತುಂಬುವ ಮ್ಯಾಗಜೀನ್ ತೆಗೆದಿತ್ತು. ಆದರೂ ಮೇಲಿನ ಭಾಗವನ್ನು ಹಿಂದಕ್ಕೆ ಎಳೆದು ಒಳಗೆ ತೋಟೆ ಉಳಿದಿದೆಯೇ ಎಂದು ಕಣ್ಣಲ್ಲಿ ನೋಡಬೇಕು, ಬೆರಳು ಹಾಕಿ ಮುಟ್ಟಬೇಕು. ಅದು ತೆಗೆದುಕೊಂಡವನ ಕೆಲಸ, ಅಂದರೆ ನನ್ನದು. ಆ ಹೊತ್ತಿಗೆ ಆಗಿನ ಮುದೀರ್ ಕರೆಯುತ್ತಿದ್ದರು, ನಮಾಝಿಗೂ ತಡವಾಗಿತ್ತು. ರಿಜಿಸ್ಟರಿನಲ್ಲಿ ಖಾಲಿ ಎಂದು ಬರೆದು ಸುಕುಮಾರನ ಕೈಗೆ ಕೊಟ್ಟೆ. ನಾನು ಕೊಟ್ಟದ್ದೆಂದು ಅವನೂ ನೋಡಲಿಲ್ಲ. ತೊಳೆಯಲು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಬೇಕು, ಒತ್ತಿದ.

ಪಟಾಕಿಯಷ್ಟೂ ಸದ್ದಾಗಲಿಲ್ಲ. "ಕಾಸಿಂಚ್ಚ, ಏನೋ ಕುಟುಕಿದ ಹಾಗಾಯಿತು" ಎಂದ. ಪಕ್ಕೆಲುಬಿನ ಕೆಳಗೆ ಅಂಗಿಯಲ್ಲಿ ಪೆನ್ನಿನ ಮೊನೆಯಷ್ಟು ತೂತು. ನಡೆದೇ ಹೋಗಿ ಕುರ್ಚಿಯಲ್ಲಿ ಕೂತ. ಆಸ್ಪತ್ರೆ ತಲುಪುವ ಮೊದಲು ಹೋಗಿಬಿಟ್ಟ.

ನನ್ನನ್ನು ಕೇಳಿದರು. ನೋಡಿಯೇ ಕೊಟ್ಟೆ ಎಂದೆ. ವರದಿಯಲ್ಲಿ ಅವನದೇ ಅಜಾಗರೂಕತೆ ಎಂದು ಬರೆದರು. ಆ ಕಾಗದ ಅವನ ಹೆಂಡತಿ ರತ್ನಾವತಿಗೆ ಹೋಯಿತು. ಮರುವರ್ಷ ರಜೆಯಲ್ಲಿ ಅವನ ಬಟ್ಟೆಯ ಚೀಲ ತೆಗೆದುಕೊಂಡು ಅವರ ಮನೆಗೆ ಹೋದೆ. ಚಾ ಕೊಟ್ಟರು. ಕುಡಿದು ಬಂದೆ.

ಆದ್ದರಿಂದ ಪಿಸ್ತೂಲು ಬೇಡ, ರಿವಾಲ್ವರ್ ತೆಗೆದುಕೋ. ಅದನ್ನು ತೆರೆದರೆ ಆರು ತೂತುಗಳೂ ಕಣ್ಣಿಗೆ ಕಾಣುತ್ತವೆ. ಯಾರು ಖಾಲಿ ಎಂದರೂ, ನಾನೇ ಎಂದರೂ, ತೆರೆದು ನೋಡು. ಬ್ಯಾಗಿನಲ್ಲಿ ಇಡಬೇಡ. ಬ್ಯಾಗನ್ನು ನಾವು ಎಲ್ಲೆಂದರಲ್ಲಿ ಇಡುತ್ತೇವೆ, ಮಕ್ಕಳು ಎಳೆಯುತ್ತಾರೆ, ಕಳ್ಳರು ಕಸಿಯುತ್ತಾರೆ. ಸೊಂಟಕ್ಕೆ ಚರ್ಮದ ಚೀಲ ಹೊಲಿಸಿ ಬುರ್ಖಾದ ಒಳಗೆ ಕಟ್ಟು. ಇದೆ ಎಂದು ಯಾರಿಗೂ ತೋರಿಸಬೇಡ, ಹೇಳಬೇಡ.

ಓದಿದ ಮೇಲೆ ಸುಟ್ಟುಬಿಡು.

ಬಾಪಾ


ಬೊಳ್ಳೆಕಡವು
24 ಮಾರ್ಚ್ 2024

ಪ್ರೀತಿಯ ಬಾಪಾ,

ಉಪವಾಸ ಹದಿಮೂರಾಯಿತು. ಸೆಕೆಗೆ ಮಧ್ಯಾಹ್ನದ ಮೇಲೆ ಆಫೀಸಿನಲ್ಲಿ ಯಾರ ಮುಖದಲ್ಲೂ ಕಳೆ ಇರುವುದಿಲ್ಲ. ಅಲ್ಲಿ ಹೇಗೆ?

ನೀವು ಹೇಳಿದ್ದನ್ನೇ ತಂದೆ. ಮೂವತ್ತೆರಡರ ರಿವಾಲ್ವರ್. ಅಂಗಡಿಯವನು "ಇದು ಭಾರ ಮೇಡಂ" ಎಂದ. ತೆರೆದು ತೋರಿಸಿ ಎಂದೆ, ಆರನ್ನೂ ನೋಡಿದೆ. ಅವನು ಸ್ವಲ್ಪ ಗೌರವದಿಂದ ಮಾತಾಡಿದ.

ಮೊದಲ ವಾರ ಸೊಂಟಕ್ಕೆ ಕಟ್ಟಿದೆ. ಸ್ಕೂಟರಿನಲ್ಲಿ ಕೂತರೆ ಹೊಟ್ಟೆಗೆ ಒತ್ತುತ್ತದೆ. ಮಹಜರಿಗೆ ನೆಲದಲ್ಲಿ ಕೂತು ಬರೆಯುವಾಗ ಏಳಲಾಗುವುದಿಲ್ಲ. ನಮಾಝಿನಲ್ಲಿ ಬಗ್ಗಿದರೆ ಅದೇ ನೆನಪು. ಕೊನೆಗೆ ಬ್ಯಾಗಿನಲ್ಲೇ ಇಟ್ಟೆ. ಕ್ಷಮಿಸಿ. ಒಂದು ಮದುವೆಗೆ ಹೋಗಿದ್ದಾಗ ಮಾವನ ಮೊಮ್ಮಗಳು ಚಾಕಲೇಟಿಗೆಂದು ನನ್ನ ಬ್ಯಾಗಿನ ಜಿಪ್ ಎಳೆದಳು. ನಾನು ಅವಳ ಕೈಗೆ ಹೊಡೆದೆ. ಎಲ್ಲರೂ ನನ್ನನ್ನೇ ನೋಡಿದರು. ಅವಳ ಉಮ್ಮ ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ.

ಯಾರಿಗೂ ಹೇಳಬೇಡ ಎಂದಿರಿ. ಹೇಳಲಿಲ್ಲ. ಆದರೆ ಲೈಸೆನ್ಸ್ ಸಿಕ್ಕಿದ ವಿಷಯ ಊರಿಗೆಲ್ಲ ಗೊತ್ತಾಗಿದೆ. ಹೋಟೆಲಿನಲ್ಲಿ ಜನ ಈಗ ನನ್ನ ಬ್ಯಾಗಿಗೆ ಜಾಗ ಬಿಟ್ಟು ಕೂರುತ್ತಾರೆ. ಟಿಪ್ಪರುಗಳು ದೂರದಲ್ಲಿ ನಿಲ್ಲುತ್ತವೆ. ಒಂದು ತಿಂಗಳು ಯಾವ ಫೋನೂ ಬರಲಿಲ್ಲ. ಧೈರ್ಯ ಬಂತು ಎಂದು ಬರೆಯಬೇಕೆಂದಿದ್ದೆ. ಬಂದದ್ದು ಬೇರೆ ಏನೋ. ಹಿಂದಿನಿಂದ ಯಾರಾದರೂ ಕರೆದರೆ ತಿರುಗುವುದಕ್ಕೆ ಮೊದಲು ಕೈ ಜಿಪ್ಪಿನ ಮೇಲೆ ಹೋಗಿರುತ್ತದೆ. ಮೊನ್ನೆ ಹಾಗೆ ಕರೆದದ್ದು ಪೋಸ್ಟ್‌ಮ್ಯಾನ್.

ಚುನಾವಣೆ ಬಂತು. ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಡಬೇಕೆಂದು ಆದೇಶವಾಗಿದೆ. ವಿನಾಯಿತಿಗೆ ಅರ್ಜಿ ಹಾಕಬಹುದಿತ್ತು. ಚುನಾವಣೆ ಡ್ಯೂಟಿಯಲ್ಲಿರುವ ನಾನೇ ಕೇಳುವುದು ಸರಿ ಕಾಣಲಿಲ್ಲ. ಶುಕ್ರವಾರ ಕೊಟ್ಟು ರಶೀದಿ ತಂದೆ. ಮನೆಗೆ ಬರುವಾಗ ಬ್ಯಾಗು ಹಗುರವಾಗಿತ್ತು. ದಾರಿಯಿಡೀ ಹಿಂದೆ ನೋಡಿಕೊಂಡು ಬಂದೆ.

ಸುಕುಮಾರ ಅವರ ವಿಷಯವನ್ನು ನಾಲ್ಕು ಸಲ ಓದಿದೆ. ಸುಡಲಿಲ್ಲ.

ಶಮೀಮಾ


ಅಬ್ಬಾಸಿಯಾ
5 ಏಪ್ರಿಲ್ 2024, ಶುಕ್ರವಾರ

ಮಗಳೇ,

ಹಾರಿಸ್ ಈದ್‌ಗೆ ಬರುತ್ತಾನೆ, ಅವನ ಕೈಯಲ್ಲಿ ಇದು. ಉಮ್ಮನಿಗೆ ಬಟ್ಟೆ, ನಿನಗೆ ಒಂದು ವಾಚು. ಒಬ್ಬಳೇ ಹೊಳೆ ಕಡೆ ಹೋಗಬೇಡ. ಚುನಾವಣೆ ಕೆಲಸವಾದರೂ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗು.

ಇಲ್ಲಿ ನಿನ್ನೆ ಧೂಳು ಎದ್ದು ಸಂಜೆಯವರೆಗೂ ಆಕಾಶ ಕಾಣಲಿಲ್ಲ. ಇಫ್ತಾರಿಗೆ ಖರ್ಜೂರ ಬಾಯಿಗಿಟ್ಟರೆ ಹಲ್ಲಿನಲ್ಲಿ ಮರಳು. ಮೂರು ಗಂಟೆಗೆ ನಿಲ್ಲುವ ಅಭ್ಯಾಸ ಬಿಟ್ಟಿಲ್ಲ.

ಸೊಂಟಕ್ಕೆ ಕಟ್ಟು ಎಂದು ಬರೆದವನು ನಾನು. ಬಗ್ಗಿ ಏಳುವ ಹೆಂಗಸಿನ ದಿನ ಹೇಗಿರುತ್ತದೆ ಎಂದು ಯೋಚಿಸಲಿಲ್ಲ. ಗುರಿ ಹಲಗೆಯ ಮುಂದೆ ನಿಂತವರನ್ನು ಮಾತ್ರ ನೋಡಿದವನು ನಾನು. ಅವರ ಹಲಗೆ ಎದುರು ಬಂದು ಮಾತಾಡುವುದಿಲ್ಲ.

ಸುಕುಮಾರನ ಬಗ್ಗೆ ನೀನು ಎರಡು ಸಾಲು ಬರೆದೆ. ಅಷ್ಟು ಸಾಕು ಎಂದುಕೊಂಡೆ. ಸಾಕಾಗಲಿಲ್ಲ. ಬೈದಾದರೂ ಬರೆ.

ಬಾಪಾ


ಬೊಳ್ಳೆಕಡವು
21 ಜೂನ್ 2024

ಶಮೀಮಾಳ ಬಾಪಾರಿಗೆ ಸೈನಬಾ ಬರೆಯುವುದು,

ನಾನು ಐದನೇ ಕ್ಲಾಸಿನ ಮೇಲೆ ಇಷ್ಟು ಉದ್ದ ಬರೆದವಳಲ್ಲ, ತಪ್ಪಿದ್ದರೆ ಸರಿ ಮಾಡಿ ಓದಿ. ಶಮೀಮಾಳ ಬಲಗೈ ಇನ್ನೂ ಪೆನ್ನು ಹಿಡಿಯುವುದಿಲ್ಲ. ಫೋನಿನಲ್ಲಿ ನೀವು ಅಳುತ್ತಾ ಕೇಳಿದಾಗಲೆಲ್ಲ ಅವಳು ಬಿದ್ದು ಪೆಟ್ಟಾಯಿತು, ಈಗ ಸರಿಯಿದ್ದಾಳೆ ಎಂದೆ. ನಿಮಗೆ ಗೊತ್ತಾಗಿರಬಹುದು. ಈಗ ಪೂರ್ತಿ ಹೇಳುತ್ತೇನೆ.

ಏಪ್ರಿಲ್ 16, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ. ಮತದಾರರ ಚೀಟಿ ಹಂಚಿದ್ದನ್ನು ನೋಡಲು ಹೊಳೆಬದಿಯ ಮನೆಗಳಿಗೆ ಹೋಗಿದ್ದಳು. ತಿರುವಿನಲ್ಲಿ ಟಿಪ್ಪರ್ ಅಡ್ಡ ನಿಂತಿತ್ತು. ಮೂರು ಜನ. ಒಬ್ಬ ಸ್ಕೂಟರಿನ ಮುಂದೆ ಬಂದು, "ಮೇಡಂ, ಕೋರ್ಟಿನಲ್ಲಿ ನೆನಪಿಲ್ಲ ಎಂದರೆ ಸಾಕು, ನಿಮಗೂ ಸುಖ ನಮಗೂ ಸುಖ" ಎಂದ. ಇವಳು "ದಾರಿ ಬಿಡಿ" ಎಂದಳು. ಅವನು ಬಿಡಲಿಲ್ಲ. ಇವಳ ಕೈ ಬ್ಯಾಗಿನ ಒಳಗೆ ಹೋಯಿತು.

ಒಳಗೆ ಬುತ್ತಿ ಪಾತ್ರೆಯೂ ಚೀಟಿಯ ಕಟ್ಟೂ ಮಾತ್ರ ಇದ್ದದ್ದು. ಪಿಸ್ತೂಲು ಠಾಣೆಯಲ್ಲಿತ್ತು. ಅದು ಅವರಿಗೆ ಹೇಗೆ ಗೊತ್ತಿರಬೇಕು? ಆ ಮನುಷ್ಯನ ಕೈಯಲ್ಲಿ ಜಾಕಿಯ ಕಬ್ಬಿಣ ಇತ್ತು. ಹೊಡೆದ. ಮಣಿಕಟ್ಟು ಎರಡು ಕಡೆ ಮುರಿಯಿತು. ಎರಡನೇ ಪೆಟ್ಟು ಭುಜಕ್ಕೆ ಬಿತ್ತು. ಮೂರನೆಯದಕ್ಕೆ ಎತ್ತಿದಾಗ ಎದುರು ಮನೆಯ ಮೊಲ್ಲಿ ಬಾಯಮ್ಮ ಮೀನು ಕೊಯ್ಯುತ್ತಿದ್ದವರು ಕತ್ತಿ ಹಿಡಿದುಕೊಂಡೇ ಬೊಬ್ಬೆ ಹಾಕುತ್ತಾ ಓಡಿ ಬಂದರಂತೆ. ಸೊಸೆಯೂ ಪಕ್ಕದ ಮನೆಯ ಹೆಂಗಸರೂ ಬಂದರು. ಆ ಮೂವರು ಟಿಪ್ಪರ್ ಹತ್ತಿ ಹೋದರು. ಬಾಯಮ್ಮನೇ ರಿಕ್ಷಾದಲ್ಲಿ ಆಸ್ಪತ್ರೆಗೆ ತಂದದ್ದು. ನಾನು ಹೋದಾಗ ಅವರ ಸೀರೆಯಲ್ಲಿ ಮೀನಿನ ನೀರು, ನನ್ನ ಮಗಳ ತಲೆ ಅವರ ತೊಡೆಯ ಮೇಲೆ.

ಶಮೀಮಾ ಅಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. "ಉಮ್ಮಾ, ಕೈ ತನ್ನಷ್ಟಕ್ಕೇ ಹೋಯಿತು. ಅವನ ಮುಖ ನೋಡಿದೆ. ನನಗಿಂತ ಅವನೇ ಹೆದರಿದ್ದ." ಒಳಗೆ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಗೊತ್ತಿಲ್ಲ. ಇವತ್ತು ಒಬ್ಬರು ಕಡಿಮೆ ಇರುತ್ತಿದ್ದೆವು" ಎಂದಳು. ಆಮೇಲೆ ಕಪಾಟಿನ ಕೀ ಕೊಟ್ಟು, ನಿಮ್ಮ ಕಾಗದಗಳನ್ನೆಲ್ಲ ಓದಿ ಎಂದಳು.

ಮೇ ತಿಂಗಳಲ್ಲಿ ಮ್ಯಾಜಿಸ್ಟ್ರೇಟರ ಎದುರು ಹೇಳಿಕೆ ಕೊಟ್ಟಳು. ಎಡಗೈಯಲ್ಲಿ ಸಹಿ ಹಾಕಿದಳು, ಮಗು ಬರೆದ ಹಾಗೆ ಇತ್ತು. ಮೊಲ್ಲಿ ಬಾಯಮ್ಮನೂ ಹೇಳಿದರು. ಹೊಡೆದವನು ಒಳಗಿದ್ದಾನೆ. ಉಳಿದಿಬ್ಬರಿಗೆ ಜಾಮೀನು ಸಿಕ್ಕಿದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನನ್ನು ನಾನೇ ನೋಡಿದೆ, ನನ್ನ ಮನೆಯ ನೀರು ಕುಡಿದವನು ಅವನು.

ಬಕ್ರೀದ್ ಕಳೆದ ಮೇಲೆ ಠಾಣೆಯಿಂದ ಕರೆದರು, ಬಂದು ತೆಗೆದುಕೊಂಡು ಹೋಗಿ ಎಂದು. ನಾನೂ ಹೋದೆ. ಅವಳು ಎಡಗೈಯಲ್ಲಿ ತೆರೆದು ಆರು ತೂತು ನೋಡಿದಳು. ಮತ್ತೆ ಬಲಗೈಯಲ್ಲಿ ಹಿಡಿದು ನೋಡಿದಳು, ಎತ್ತಲಿಕ್ಕೇ ಆಗಲಿಲ್ಲ. ಅಲ್ಲಿಂದ ನೇರ ಮಂಗಳೂರಿನ ಅಂಗಡಿಗೆ ಹೋಗಿ ಅವರ ಕಪಾಟಿನಲ್ಲಿ ಇಡಲು ಕೊಟ್ಟೆವು. "ಕೈ ಸರಿಯಾದ ಮೇಲೆ ನೋಡುವ" ಎಂದಳು. ನಾನು ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬುಧವಾರದಿಂದ ಆಫೀಸಿಗೆ ಹೋಗುತ್ತಾಳೆ, ಅದೇ ಗ್ರಾಮಕ್ಕೆ. ನಾನೂ ಜೊತೆಗೆ ಹೋಗಿ ಬೆಂಚಿನಲ್ಲಿ ಕೂರುತ್ತೇನೆ. ಜನ ನನ್ನ ಹತ್ತಿರ ಅರ್ಜಿ ಬರೆಯಲು ಪೆನ್ನು ಕೇಳುತ್ತಾರೆ.

ಇನ್ನು ನಿಮ್ಮ ವಿಷಯ. ನೀವು ಏನು ಕೆಲಸ ಮಾಡುತ್ತೀರಿ ಎಂದು ಹೇಳಲಿಲ್ಲ, ಅದಕ್ಕೆ ಸಿಟ್ಟಿಲ್ಲ. ಹೊಟ್ಟೆಪಾಡು. ನೀವಿಬ್ಬರೂ ಐದಾರು ತಿಂಗಳು ಕೂತು ಯಾವ ಗುಂಡು ಒಳ್ಳೆಯದು ಎಂದು ಬರೆದುಕೊಂಡಿರಿ. ಅವಳ ಜೊತೆ ಒಂದೇ ಮನೆಯಲ್ಲಿದ್ದವಳು ನಾನು. ನೀರು ಕೇಳಿ ಬಂದವರು ಯಾರು ಎಂದು ನನಗೆ ಒಂದು ಮಾತು ಹೇಳಿದ್ದರೆ ಮತ್ತೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಅವರು ಇನ್ನೂ ಎರಡು ಸಲ ಬಂದಿದ್ದರು. ನಾನು ಎರಡು ಸಲವೂ ಕೂರಿಸಿ ಮಾತಾಡಿಸಿದ್ದೇನೆ. ಗೊತ್ತಿಲ್ಲದವಳಾಗಿ ಇರುವುದು ಹೇಗಿರುತ್ತದೆ ಎಂದು ಈಗ ನನಗೆ ಗೊತ್ತು.

ರತ್ನಾವತಿ ಹನ್ನೆರಡು ವರ್ಷದಿಂದ ಹಾಗೆ ಇದ್ದಾರೆ. ಅವರಿಗೆ ಬರೆಯಿರಿ. ನಮ್ಮ ಮಗಳು ಮುರಿದ ಕೈಯಲ್ಲಿ ಹೋಗಿ ನೋಡಿದ್ದನ್ನು ಹೇಳಿ ಬಂದಳು. ನಿಮ್ಮ ಕೈ ಸರಿಯಿದೆ.

ಸೈನಬಾ


ಅಬ್ಬಾಸಿಯಾ, ಕುವೈತ್
12 ಜುಲೈ 2024, ಶುಕ್ರವಾರ

ಶ್ರೀಮತಿ ರತ್ನಾವತಿಯವರಿಗೆ,

ನಮಸ್ಕಾರ. ನನ್ನ ನೆನಪು ನಿಮಗಿರಬಹುದು. ಹನ್ನೊಂದು ವರ್ಷದ ಹಿಂದೆ ಸುಕುಮಾರನ ಬಟ್ಟೆಯ ಚೀಲ ತಂದುಕೊಟ್ಟವನು ನಾನು. ಚಾ ಕೊಟ್ಟು ನೀವು ಬಾಗಿಲ ಹತ್ತಿರ ನಿಂತಿದ್ದಿರಿ. "ಅವರು ಗ್ಯಾಸ್ ಬಂದ್ ಮಾಡಿದ್ದೇನಾ ಎಂದು ಗೇಟಿನವರೆಗೆ ಹೋಗಿ ವಾಪಸು ಬರುವವರು. ಇದು ಹೇಗಾಯಿತು ಅಣ್ಣಾ?" ಎಂದು ನನ್ನನ್ನು ಕೇಳಿದಿರಿ. ನಾನು ವಿಧಿ ಎಂದೆ. ಅದು ಸುಳ್ಳು.

ಆ ಪಿಸ್ತೂಲನ್ನು ತೆಗೆದುಕೊಂಡವನು ನಾನು. ಒಳಗೆ ತೋಟೆ ಉಳಿದಿದೆಯೇ ಎಂದು ನೋಡಬೇಕಾದವನು ನಾನು. ನೋಡದೆ, ಖಾಲಿ ಎಂದು ಬರೆದು ಅವನ ಕೈಗೆ ಕೊಟ್ಟೆ. ಆಮೇಲೆ ಕೇಳಿದವರಿಗೆ ನೋಡಿದ್ದೆ ಎಂದೆ. ನಿಮಗೆ ಬಂದ ಕಾಗದದಲ್ಲಿ ಅವನ ತಪ್ಪು ಎಂದು ಬರೆದದ್ದು ನನ್ನ ಆ ಒಂದು ಮಾತಿನಿಂದ. ಸುಕುಮಾರ ಎಚ್ಚರ ತಪ್ಪಿದವನಲ್ಲ. ನನ್ನನ್ನು ನಂಬಿದವನು.

ಕಳೆದ ಭಾನುವಾರ ನಮ್ಮ ಮುದೀರ್ ಹತ್ತಿರ ಹೋಗಿ ಇದನ್ನೇ ಹೇಳಿದೆ. ಅವರು ಆ ಕಾಲದಲ್ಲಿ ಇಲ್ಲಿ ಇರಲಿಲ್ಲ. ಕೋಣೆಯ ಕೀ ಮೇಜಿನ ಮೇಲಿಡಲು ಹೇಳಿದರು. ಇಟ್ಟೆ. ಮುಂದೆ ಪೊಲೀಸರು ಕರೆಯುತ್ತಾರೋ, ಊರಿಗೆ ಕಳಿಸುತ್ತಾರೋ, ಕಳಿಸದೆ ಇರುತ್ತಾರೋ ಗೊತ್ತಿಲ್ಲ. ನನ್ನ ಪಾಸ್‌ಪೋರ್ಟನ್ನು ಕೇಳಿ ತೆಗೆದುಕೊಂಡಿದ್ದಾರೆ. ನನಗೆ ಹೆದರಿಕೆಯಾಗುತ್ತಿದೆ, ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳುವ ಹಕ್ಕು ನನಗಿಲ್ಲ.

ಕ್ಷಮಿಸಿ ಎಂದು ಕೇಳಲು ಬರೆದದ್ದಲ್ಲ. ನಿಮ್ಮ ಮಕ್ಕಳು ದೊಡ್ಡವರಾಗಿರಬೇಕು, ಅವರಿಗೆ ಇದನ್ನು ಓದಿ ಹೇಳಿ. ಯಾರಿಗೆ ತೋರಿಸಬೇಕು ಎನಿಸುತ್ತದೋ ಅವರಿಗೆ ತೋರಿಸಿ. ವಕೀಲರಿಗಾದರೂ ಸರಿ. ನಾಳೆ ನಾನು ಹಾಗೆ ಬರೆದಿಲ್ಲ ಎನ್ನಬಾರದೆಂದು ಕೆಳಗೆ ತಂದೆಯ ಹೆಸರನ್ನೂ ಸೇರಿಸಿ ಸಹಿ ಹಾಕಿದ್ದೇನೆ.

ಇಬ್ರಾಹಿಂ ಬ್ಯಾರಿಯ ಮಗ
ಕಾಸಿಂ ಕುಂಞಿ